ಸುಣ್ಣದ ಗೆರೆಯ ಮನೆ

ಹೊಸ ಮನೆಯ ನಕ್ಷೆಯನ್ನು ನಾನೇ ಬರೆಯುತ್ತೇನೆ ಎಂದು ಘೋಷಿಸಿದಾಗ, ನಮ್ಮವರ ಚಹಾದ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಮತ್ತೆ ಇಂಜಿನಿಯರ್ ಏನು ಮಾಡ್ಬೇಕಂತೆ?"

"ಇಂಜಿನಿಯರಿಗೆ ನಿಮ್ಮಗಳ ಸ್ವಭಾವ ಗೊತ್ತೇನ್ರೀ? ಇಪ್ಪತ್ತು ವರ್ಷ ಎಲ್ಲರ ಮಾತು ಕೇಳಿ ಕಿವಿ ಸವೆಸಿಕೊಂಡವಳು ನಾನು! ಗ್ರಂಥಾಲಯದಿಂದ ಮೂರು ಪುಸ್ತಕ ತಂದು ಓದಿದ್ದೀನಿ. ನನ್ನ ನಕ್ಷೆಯಲ್ಲಿ ಒಂದೇ ಒಂದು ಗೆರೆ ಅಲ್ಲಾಡಿದರೂ ಆ ಮನೆಗೆ ಕಾಲಿಡೋಳಲ್ಲ!"

ಈ ಆರ್ಭಟದ ಹಿಂದೆ ಒಂದು ಆಸೆಯಿತ್ತು. ನಮ್ಮ ಬಾಡಿಗೆ ಮನೆಯಲ್ಲಿ ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಸಾಕು, "ಹೇಗೂ ಸುಮ್ನೆ ಕೂತಿದ್ದೀಯಲ್ಲ" ಎಂದು ಒಬ್ಬೊಬ್ಬರಾಗಿ ಬಂದು ತಮ್ಮ ಗೋಳು ತೋಡಿಕೊಳ್ಳುತ್ತಾರೆ. ನನ್ನ ಮಾತು ಕೇಳಲು ದೇವರು ಪಾಪ, ಸರದಿಯಲ್ಲಿ ಕೊನೆಗೆ ನಿಲ್ಲಬೇಕು! ದಿನಕ್ಕೆ ಕಾಲು ಗಂಟೆ ನಿಶ್ಶಬ್ದ, ಅದಕ್ಕೊಂದು ಕೋಣೆ. ನನಗೆ ಬೇಕಾಗಿದ್ದು ಅಷ್ಟೇ.

ಆದ್ದರಿಂದ ದೇಹಕ್ಕೆ ಹೃದಯವಿದ್ದಂತೆ ಮನೆಯ ನಟ್ಟನಡುವೆ ಪ್ರಾರ್ಥನೆಯ ಕೋಣೆ ಬರೆದೆ. ಹತ್ತಡಿಗೆ ಹತ್ತಡಿ. ಉಳಿದ ಕೋಣೆಗಳೆಲ್ಲ ಅದರ ಸುತ್ತ, ರಾಣಿಯ ಸುತ್ತ ಸಖಿಯರಂತೆ!

ಸೋಮವಾರ ಪಾಯ ತೋಡುವುದೆಂದು ನಿಶ್ಚಯವಾಯಿತು. ಭಾನುವಾರ ಮೇಸ್ತ್ರಿ ಖಾಲಿ ಸೈಟಿನ ಮೇಲೆ ಸುಣ್ಣದ ಪುಡಿಯಲ್ಲಿ ಇಡೀ ನಕ್ಷೆಯನ್ನು ಅಳತೆ ಪ್ರಕಾರ ಎಳೆದುಕೊಟ್ಟ. "ಒಂದು ಗಂಟೆ ಇಲ್ಲೇ ಸಂಸಾರ ಮಾಡಿ ನೋಡೋಣ" ಎಂದೆ. ಎಲ್ಲರೂ ತಮ್ಮ ತಮ್ಮ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ನಮ್ಮವರು ಎದ್ದು ನೆಟ್ಟಗೆ ಹೊರಟರು.

"ರೀ! ಗೋಡೆ! ಬಾಗಿಲಿಂದ ಬನ್ನಿ!"

"ಎಲ್ಲಿದೆಯೇ ಗೋಡೆ?"

"ನಿಮ್ಮ ಹೊಟ್ಟೆಯೊಳಗೆ ಹೊಕ್ಕಿದೆ! ಹಿಂದಕ್ಕೆ ಹೋಗಿ!"

ಮಗಳಿಗೂ ಬೈದೆ. ಮೇಸ್ತ್ರಿಯನ್ನೂ ಬಿಡಲಿಲ್ಲ. ಎದುರು ಮನೆಯವರು ಮಹಡಿಯ ಮೇಲೆ ಸಾಲಾಗಿ ನಿಂತು ನೋಡತೊಡಗಿದರು. ಶಿಸ್ತು ಬಂದ ಮೇಲೆ ನಾನು ನನ್ನ ಕೋಣೆಗೆ ಬಾಗಿಲಿನಿಂದಲೇ ಪ್ರವೇಶಿಸಿ, ಕೂತು ಕಣ್ಣು ಮುಚ್ಚಿದೆ.

ಮಗಳು ಟವೆಲ್ ಹೆಗಲಿಗೇರಿಸಿ ನನ್ನನ್ನು ದಾಟಿ ಹೋದಳು. "ಅಮ್ಮಾ, ಬಚ್ಚಲಿಗೆ ಇದೇ ದಾರಿ."

ನಮ್ಮವರು ದಾಟಿದರು. "ಅಡುಗೆಮನೆಗೆ, ನೀರು ಕುಡಿಯೋಕೆ." ಮತ್ತೆ ದಾಟಿದರು. "ಕುಡಿದಾಯ್ತು."

ಮೂಲೆಯ ಕೋಣೆಯಿಂದ ಅತ್ತೆ ಕೋಲೂರಿಕೊಂಡು ಬಂದು ನನ್ನೆದುರೇ ನಿಂತರು. "ಹೇಗೂ ಸುಮ್ನೆ ಕೂತಿದ್ದೀಯಲ್ಲಮ್ಮ..."

ಕಣ್ಣು ಬಿಟ್ಟೆ, ಬಾಗಿಲು ಎಣಿಸಿದೆ. ಐದು! ಮನೆಯ ಅಷ್ಟೂ ಬಾಗಿಲು ನನ್ನ ಕೋಣೆಗೇ ತೆರೆಯುತ್ತಿದ್ದವು! ನಾನು ಕಟ್ಟಿದ್ದು ಪ್ರಾರ್ಥನೆಯ ಕೋಣೆಯಲ್ಲ, ಬಸ್ ನಿಲ್ದಾಣ!

"ನಾಳೆ ಇದನ್ನೇ ತೋಡೋದಾ ಅಮ್ಮಾವ್ರೇ?" ಮೇಸ್ತ್ರಿ ವಿನಯದಿಂದ ಕೇಳಿದ.

"ಒಂದು ಗೆರೆಯೂ ಅಲ್ಲಾಡೋ ಹಾಗಿಲ್ಲ ಕಣಯ್ಯಾ," ನಮ್ಮವರು ಮೀಸೆಯಲ್ಲೇ ನಕ್ಕರು. "ಅಲ್ಲಾಡಿದರೆ ಇವಳು ಮನೆಗೆ ಕಾಲಿಡಲ್ಲ."

ನನಗೆ ಅಳುವೇ ಬಂತು. ಮತ್ತೆ ಇಪ್ಪತ್ತು ವರ್ಷ ದೇವರು ಸರದಿಯ ಕೊನೆಯಲ್ಲೇ?

ಅತ್ತೆ ಕೋಲಿನಿಂದ ನೆಲ ಕುಟ್ಟಿದರು. "ಗೆರೆ ಯಾಕೆ ಅಳಿಸ್ತೀರಿ? ನನ್ನ ಮೂಲೆ ಅವಳಿಗೆ ಕೊಡಿ, ಈ ನಡುಮನೆ ನಂಗಿರಲಿ. ಆ ಮೂಲೆಗೆ ಒಂದು ನೊಣವೂ ಬರಲ್ಲ ಕಣ್ರೋ! ಇಲ್ಲಿದ್ದರೆ ಹೋಗೋರು ಬರೋರು ಎಲ್ಲರೂ ಸಿಗ್ತಾರೆ."

"ರಾತ್ರಿ ನಿದ್ದೆ?" ನಮ್ಮವರು ಕೇಳಿದರು.

"ಮಾತಾಡೋಕೆ ಯಾರೂ ಇಲ್ಲದಾಗ ಮಲಗಿದರಾಯ್ತು!"

ಅತ್ತೆಯ ಪಾದ ಹಿಡಿಯುವುದೊಂದು ಬಾಕಿ! ಕುರ್ಚಿಗಳು ಅದಲುಬದಲಾದವು. ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಆಹಾ! ಒಂದು ನಿಮಿಷ ಯಾರೂ ಬರಲಿಲ್ಲ. ಎರಡು ನಿಮಿಷ. "ದೇವರೇ, ಕೊನೆಗೂ ನಾವಿಬ್ಬರೇ" ಎಂದೆ.

ಅಷ್ಟರಲ್ಲಿ ನಡುಮನೆಯಿಂದ ನಗು. ಅತ್ತೆ ಏನೋ ಹೇಳುತ್ತಿದ್ದಾರೆ, ಮಗಳು ಕಿಲಕಿಲ ಎನ್ನುತ್ತಿದ್ದಾಳೆ, ಮೇಸ್ತ್ರಿ ಗಹಗಹಿಸುತ್ತಿದ್ದಾನೆ. ಕಿವಿ ನಿಮಿರಿತು. ಎಷ್ಟಾದರೂ ಇಪ್ಪತ್ತು ವರ್ಷದ ಅಭ್ಯಾಸ! ಮೂರನೇ ನಿಮಿಷಕ್ಕೆ, "ಒಂದು ಕ್ಷಣ ಇರಪ್ಪಾ, ಬಂದೆ" ಎಂದು ದೇವರಿಗೆ ಹೇಳಿ ಎದ್ದು ಓಡಿದೆ.

"ಏನದು? ನಂಗೂ ಹೇಳಿ!"

ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು. ಬಗ್ಗಿ ನೋಡಿದೆ. ನನ್ನ ಒಂದು ಪಾದ ಮೂಲೆಯಲ್ಲಿತ್ತು, ಇನ್ನೊಂದು ನಡುಮನೆಯಲ್ಲಿ. ನಡುವೆ ಅಳಿಸಿಹೋದ ಸುಣ್ಣದ ಗೆರೆ!

ಎದುರು ಮಹಡಿಯಿಂದ ಅಷ್ಟೂ ಜನ ಒಂದೇ ದನಿಯಲ್ಲಿ ಕೂಗಿದರು: "ಗೋಡೆ! ಬಾಗಿಲಿಂದ ಬನ್ನಿ!"