ನಮ್ಮ ನಗುವನ್ನು ಹಿಂದಿರುಗಿಸುವ ಬಗ್ಗೆ

ಅರಕಲಗೂಡಿನ ‘ಭಾವಬಂಧನ ಡಿಜಿಟಲ್ಸ್’ ಮಾಲೀಕರೂ ಮದುವೆ ವಿಡಿಯೋಗಳ ಕಣ್ಣೀರಿನ ಸಗಟು ವಿತರಕರೂ ಆದ ಶ್ರೀಮಾನ್ ರಜನೀಶ್ ಅವರ ಸನ್ನಿಧಾನಕ್ಕೆ, ದುದ್ದದಿಂದ ಪುಷ್ಪಾವತಿಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ; ನಾವೂ ಕ್ಷೇಮವೇ, ಆದರೆ ತಾವು ಕಳಿಸಿದ ವಿಡಿಯೋ ನೋಡಿದವರು ಯಾರೂ ಅದನ್ನು ನಂಬುತ್ತಿಲ್ಲ. ನನ್ನ ಮಗಳು ನಿಖಿತಾಳ ಮದುವೆಯನ್ನು ತಾವು ಹಿಡಿದಿಟ್ಟ ಪರಿಯನ್ನು ಎಷ್ಟು ಹೊಗಳಿದರೂ ಸಾಲದು. ಕೋಸಂಬರಿ ಬಡಿಸುವ ಕೃಷ್ಣಪ್ಪನವರ ಸೌಟಿಗೂ ಪಿಟೀಲು, ಚಪ್ಪಲಿ ಹುಡುಕುತ್ತಿದ್ದ ನಮ್ಮ ಯಜಮಾನರಿಗೂ ಕೊಳಲು! ಹೋಮದ ಹೊಗೆಗೆ ಕಣ್ಣುಜ್ಜಿಕೊಂಡ ಪುರೋಹಿತರನ್ನೂ ಬಿಡದೆ, ದುಃಖಕ್ಕೆ ಗಂಟಲು ಕಟ್ಟಿ ಮಂತ್ರ ಮರೆತವರಂತೆ ತೋರಿಸಿದ್ದೀರಿ. ನಮ್ಮ ಅತ್ತೆ ರೇವಮ್ಮನವರ ವಿಷಯಕ್ಕಂತೂ ಮಾತೇ ಇಲ್ಲ. ಮೊದಲ ಪಂಕ್ತಿಯಲ್ಲೇ ಕೂತು, ಕೇಳಿ ಕೇಳಿ ಪಾಯಸ ಹಾಕಿಸಿಕೊಂಡವರನ್ನು ಮೋಡದ ಮೇಲೆ ಕೂರಿಸಿ, ಪಕ್ಕದಲ್ಲೊಂದು ದೀಪ ಹಚ್ಚಿ, ಅಲ್ಲಿಂದ ಮೊಮ್ಮಗಳ ಮೇಲೆ ಹೂವು ಉದುರುವಂತೆ ಮಾಡಿದ್ದೀರಿ. ಅವರು ಬದುಕಿದ್ದಾರೆ ಸ್ವಾಮಿ. ಚನ್ನರಾಯಪಟ್ಟಣದ ನೆಂಟರು ‘ಅಜ್ಜಿ ಯಾವಾಗ ತೀರ್ಕಂಡ್ರು?’ ಎಂದು ಫೋನ್ ಮಾಡಿದಾಗ, ಎತ್ತಿಕೊಂಡವರು ಅವರೇ.

ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆವು. ನನ್ನ ತಕರಾರು ಹೆಣ್ಣೊಪ್ಪಿಸುವ ಶಾಸ್ತ್ರದ್ದು.

ಆ ಹೊತ್ತಿಗೆ ಹೆತ್ತವಳು ಅಳಬೇಕೆಂಬುದು ಲೋಕರೂಢಿ, ಒಪ್ಪುತ್ತೇನೆ. ಆದರೆ ನನ್ನ ಮಗಳು ಹೋದದ್ದು ಹಿಂದಿನ ಬೀದಿಗೆ. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅವಳ ಅತ್ತೆಮನೆಯಲ್ಲಿ ಸೀನುತ್ತಾರೆ. ಅವಳ ಅತ್ತೆ ಪ್ರೇಮಕುಮಾರಿ ನನ್ನ ಜೊತೆಗಾತಿ. ಇಬ್ಬರೂ ಸೊಸೆಯರಾಗಿ ಈ ಊರಿಗೆ ಬಂದಾಗಿನಿಂದ, ಬೆಳಗಾದರೆ ಒಟ್ಟಿಗೇ ಡೇರಿಗೆ ಹಾಲು ಹಾಕಲು ಹೋಗುವವರು. ತಟ್ಟೆಯ ಹಾಲಿನಲ್ಲಿ ಅದ್ದಿದ ಮಗಳ ಕೈಯನ್ನು ನಾನು ಅವಳ ಕೈಗಿಟ್ಟಾಗ, ತಾವು ಎದುರಿಗೇ ಕ್ಯಾಮೆರಾ ಹಿಡಿದು ‘ಅಮ್ಮಾ, ಒಸಿ ಅಳಿ, ಲೈಟ್ ಚೆನ್ನಾಗೈತೆ’ ಎಂದು ಅಂಗಲಾಚುತ್ತಿದ್ದಿರಿ. ಅಷ್ಟರಲ್ಲಿ ಪ್ರೇಮ ಬಗ್ಗಿ, ಡೇರಿಯಲ್ಲಿ ಹಾಲಿನ ಜಿಡ್ಡು ಅಳೆಯುವವರ ಧಾಟಿಯಲ್ಲಿ, ‘ಇವುಳ್ದು ಫ್ಯಾಟ್ ಎಷ್ಟಮ್ಮಿ? ಕಮ್ಮಿ ಬಂದ್ರೆ ವಾಪಸ್ ಕಳ್ಸ್‌ಬುಡ್ತೀನಿ ಕಣೆ’ ಎಂದಳು. ತಲೆಗೆ ತಲೆ ಕೊಟ್ಟುಕೊಂಡು ನಾವು ಮೂವರೂ ನಕ್ಕ ನಗುವಿಗೆ ತಟ್ಟೆಯ ಹಾಲೆಲ್ಲ ಸೀರೆಯ ಪಾಲಾಯಿತು.

ಆ ನಗುವಿನ ಸದ್ದು ತೆಗೆದು, ಶಹನಾಯಿ ತುಂಬಿ, ನಿಧಾನ ಮಾಡಿದಿರಿ ನೋಡಿ, ಅಬ್ಬಬ್ಬಾ! ಕುಲುಕುವ ಭುಜಗಳೆಲ್ಲ ಬಿಕ್ಕಳಿಕೆಯಾದವು. ಪ್ರೇಮಳ ಕಡೆಯವರು ‘ಅಷ್ಟೊಂದ್ ಅಳಾಕೆ ನಿಮ್ಮನೇಲೇನ್ ಉಲಿ ಐತಾ?’ ಎಂದು ಅವಳನ್ನು ಚುಚ್ಚಿದ್ದಾರೆ. ಮೊದಮೊದಲು ಅವಳೂ ನಕ್ಕಳು. ಅದನ್ನೇ ಮತ್ತೆ ಮತ್ತೆ ನೋಡಿದ ಮೇಲೆ, ಮೊನ್ನೆ ಡೇರಿ ಮುಂದೆ ಸಾಲಲ್ಲಿ ನಿಂತು, ‘ನಿಜ ಏಳು ಪುಷ್ಪಾ, ಅವತ್ತು ನೀನು ಅತ್ತಿದ್ದಾ?’ ಎಂದು ಕೇಳಿದಳು. ಇಲ್ಲವೆಂದರೂ ನಂಬಲಿಲ್ಲ; ಈಗ ನನ್ನನ್ನು ಕೂಗದೆ, ಮೊದಲೇ ಹೋಗಿ ಹಾಲು ಹಾಕಿ ಬಂದುಬಿಡುತ್ತಾಳೆ. ನನಗೆ ನೋವಾಗಿದೆ ಸ್ವಾಮಿ, ಪಿಟೀಲಿಲ್ಲದೆಯೇ.

ಇಂಥ ಕಲೆ ಮದುವೆಮನೆಗಷ್ಟೇ ಮೀಸಲಾಗಿರುವುದು ನಾಡಿಗೆ ನಷ್ಟ. ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂದಾಗ ತಾವು ದಯಮಾಡಿಸಿ ಒಂದು ಕೊಳಲು ಊದಿಸಿದರೆ, ಆ ಯಂತ್ರದ ಮನಸ್ಸು ಕರಗಿದರೂ ಕರಗೀತು. ಹಾಸನದ ಬಸ್ಸು ನಿಲ್ಲಿಸದೆ ಹೋಗುವಾಗ ಅದನ್ನೂ ಹಾಗೇ ನಿಧಾನ ಮಾಡಿಕೊಟ್ಟರೆ, ಓಡಿ ಹತ್ತಿಕೊಳ್ಳುತ್ತೇವೆ. ಇವು ಆಗದಿದ್ದರೆ ಹೋಗಲಿ ಬಿಡಿ. ಆ ಗಳಿಗೆಯ ವಿಡಿಯೋವನ್ನು ಕತ್ತರಿ ಹಾಕದೆ, ಪ್ರೇಮಳ ಮಾತೂ ನಮ್ಮ ನಗುವೂ ಕೇಳುವ ಹಾಗೆ ಕಳಿಸಿಕೊಡಿ. ನನಗಲ್ಲ, ಮೊದಲು ಅವಳ ಫೋನಿಗೆ ಕಳಿಸಿ. ಡೇರಿಗೆ ಒಬ್ಬಳೇ ಹೋಗಿ ನನಗೆ ಅಭ್ಯಾಸವಿಲ್ಲ.

ಒಣಗಿದ ಕಣ್ಣಿನಲ್ಲೇ ಸಹಿ ಹಾಕಿರುವ
ತಮ್ಮ ವಿಶ್ವಾಸಿ,
ಪುಷ್ಪಾವತಿ

ವಿ.ಸೂ.: ಮೋಡದ ಮೇಲೆ ಕೂತ ತುಣುಕನ್ನು ನಮ್ಮ ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ‘ನನ್ ತಿಥಿಗೂ ಇದೇ ಹೈದುನ್ನ ಕರ್ಸಿ; ಮದ್ವೇಲಿ ಅಳ್ಸ್‌ದೋನು ಅಲ್ಲಾದ್ರೂ ನಗುಸ್ತಾನೆ’ ಎಂದು ಅವರ ಅಪ್ಪಣೆ. ತಾರೀಖು ಇನ್ನೂ ಗೊತ್ತಾಗಿಲ್ಲ. ತಮಗೆ ಬಿಡುವು ಯಾವಾಗ ಎಂದು ತಿಳಿಸಿದರೆ ಹೊಂದಿಸಿಕೊಳ್ಳುತ್ತಾರಂತೆ.