‘ಮೊದಲು’ ಜಾಗದಿಂದ ‘ನಂತರ’ದ ಜಾಗಕ್ಕೆ ಬಡ್ತಿ ಕೋರಿ

ಇಂದ:
ಮಂಚ-ಮೇಜಿನ ಅಂಗಡಿಯಲ್ಲಿ ಸಾಮಾನು ಹೊರುವವನು,
ಹಾಗೂ ನೋವಿನ ಮುಲಾಮಿನ ಪೋಸ್ಟರಿನಲ್ಲಿ ಎಡಗಡೆ ಸೊಂಟ ಹಿಡಿದುಕೊಂಡು ನಿಂತವನು.

ಗೆ:
ಫೋಟೊಗ್ರಾಫರ್ ಸಾಹೇಬರು,
ಬಟ್ಟೆ ಅಂಗಡಿಯ ಮಹಡಿ ಮೇಲಿನ ಸ್ಟುಡಿಯೋ.

ವಿಷಯ: ಸದರಿ ಪೋಸ್ಟರಿನ ‘ಮೊದಲು’ ಸ್ಥಾನದಿಂದ ‘ನಂತರ’ ಸ್ಥಾನಕ್ಕೆ ಬಡ್ತಿ ನೀಡುವ ಬಗ್ಗೆ.

ಉಲ್ಲೇಖ: ೧) ತಮ್ಮ ಸ್ಟುಡಿಯೋದ ಕನ್ನಡಿ ಪಕ್ಕ ಅಂಟಿಸಿರುವ ‘ಮಾಡೆಲ್ ಆಗಬಯಸುವವರಿಗೆ ಸಲಹೆಗಳು’.
೨) ಬಸ್ ನಿಲ್ದಾಣದ ಗೋಡೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಮಾತುಮಾತಿಗೂ ‘ನಾನು, ನಾನು’ ಎಂದರೆ ಜಂಬದಂತೆ ಕಾಣುವ ಕಾರಣ, ಉದ್ದಕ್ಕೂ ‘ಅರ್ಜಿದಾರ’ ಎಂದೇ ಬರೆಯಲಾಗಿದೆ.

೧. ಅರ್ಜಿದಾರನಿಗೆ ಮಾಡೆಲ್ ಆಗುವ ಆಸೆ ಇಂದು ನಿನ್ನೆಯದಲ್ಲ. ಗಿರಾಕಿಗಳ ಮನೆಗೆ ಕನ್ನಡಿ ಬೀರು ಹೊತ್ತು ಮೆಟ್ಟಿಲು ಹತ್ತುವಾಗಲೆಲ್ಲ ಎದುರಿಗೆ ತನ್ನದೇ ಮುಖ ಇರುವುದರಿಂದ, ಆ ಮುಖವನ್ನು ಅವನು ಬಹಳ ಹತ್ತಿರದಿಂದ ಬಲ್ಲನು. ದೂರುವಂಥದ್ದೇನೂ ಕಂಡಿಲ್ಲ.

೨. ತಮ್ಮ ಸಲಹೆಗಳನ್ನು ಅರ್ಜಿದಾರನು ಬಾಯಿಪಾಠ ಮಾಡಿದ್ದನು. ‘ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡಿ’ ಎಂದಿದ್ದರಿಂದ, ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳುತ್ತಾ ಬೆಳಗಾಗುವವರೆಗೆ ಎಚ್ಚರವಿದ್ದನು. ಮುಂದುವರಿದು, ‘ಗದ್ದ ತುಸು ಮುಂದಕ್ಕೆ’, ‘ಹೆಗಲು ಸಡಿಲ’, ‘ಭಾರವೆಲ್ಲ ಹಿಂದಿನ ಕಾಲಿನ ಮೇಲೆ’, ‘ನಗು ಬಾಯಲ್ಲಿ ಬೇಡ, ಕಣ್ಣಲ್ಲಿ ಬರಲಿ’ ಎಂಬ ಸಲಹೆಗಳನ್ನು ಒಂದೊಂದಾಗಿ ಪಾಲಿಸಬೇಕೆಂದು ಹಾಳೆಯಲ್ಲಿ ಎಲ್ಲೂ ಹೇಳಿಲ್ಲವಾದ ಕಾರಣ, ಎಲ್ಲವನ್ನೂ ಒಟ್ಟಿಗೇ ಪಾಲಿಸಿದನು. ಹಿಂದಿನ ಕಾಲು ಜೋಲಿ ತಪ್ಪಿತು. ಆದ್ದರಿಂದ ಸೊಂಟ ಹಿಡಿದುಕೊಂಡನು. ತಾವು ಕೂಡಲೇ, “ಅಲ್ಲಾಡಬೇಡಿ! ಹಾಗೇ ಇರಿ! ಇಷ್ಟು ದಿನ ಎಲ್ಲಿದ್ರಿ ನೀವು?” ಎಂದು ಕೂಗಿದಿರಿ. ಅರ್ಜಿದಾರನು ಉಬ್ಬಿಹೋದನು. ಮುಲಾಮಿನ ವಿಚಾರ ಅವನಿಗೆ ಆಗ ಗೊತ್ತಿರಲಿಲ್ಲ.

೩. ಅದೇ ಹೊತ್ತಿಗೆ, ಮನೆ ಬೀಗದ ಕೈ ಕೇಳಲು ಅರ್ಜಿದಾರನ ತಮ್ಮನು ಅಲ್ಲಿಗೆ ಬಂದನು. ಅವನು ಸಲಹೆಗಳನ್ನು ಓದಿರಲಿಲ್ಲ. ತಲೆ ಸಹ ಬಾಚಿರಲಿಲ್ಲ. ಅಣ್ಣ ನಿಂತ ಭಂಗಿ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದ ಅವನನ್ನು ತಾವು ಟಕ್ಕೆಂದು ಕ್ಲಿಕ್ಕಿಸಿದಿರಿ. ಇಬ್ಬರದೂ ಒಂದೇ ಅಚ್ಚಿನ ಮುಖವಾದ ಕಾರಣ ಅಣ್ಣನು ‘ಮೊದಲು’, ತಮ್ಮನು ‘ನಂತರ’ ಆದರು. ಆ ನಗು ಮುಲಾಮಿನಿಂದ ಬಂದದ್ದಲ್ಲ, ಅಣ್ಣನಿಂದ ಬಂದದ್ದು ಎಂಬುದನ್ನು ತಾವು ದಯಮಾಡಿ ಗಮನಿಸಬೇಕು.

೪. ಪೋಸ್ಟರ್ ಅಂಟಿಸಿದ ಮೇಲೆ ಅರ್ಜಿದಾರನಿಗೆ ತಲೆ ಎತ್ತಿ ತಿರುಗುವಂತಿಲ್ಲ. ಬಸ್ಸಿನಲ್ಲಿ ಕೋಲೂರಿ ನಡೆಯುವ ಅಜ್ಜಿಯರೇ ಎದ್ದು ಸೀಟು ಬಿಡುತ್ತಾರೆ. ಅಂಗಡಿಯ ಯಜಮಾನರು, “ನೀನು ಮಂಚ ಎತ್ತಬೇಡಪ್ಪ, ಗಿರಾಕಿಗಳು ನನಗೆ ಉಗೀತಾರೆ” ಎಂದು ಮಾರಾಟದ ಕುರ್ಚಿಯೊಂದರ ಮೇಲೆ ಕೂರಿಸಿದ್ದಾರೆ. ಔಷಧಿ ಅಂಗಡಿಯವರು ಮಾತ್ರ ಕೈ ಹಿಡಿದುಕೊಂಡು, “ನಿಮ್ಮಿಂದ ವ್ಯಾಪಾರ ಜೋರಾಗಿದೆ, ದಯವಿಟ್ಟು ಬೇಗ ಹುಷಾರಾಗಬೇಡಿ” ಎಂದಿದ್ದಾರೆ. ಇತ್ತ ತಮ್ಮನನ್ನು ಕಂಡವರೆಲ್ಲ “ಅಬ್ಬಾ, ಗುಣ ಆಯ್ತಲ್ಲ!” ಎನ್ನುತ್ತಾರೆ. ಅವನು ನಾಚಿಕೆಯಿಲ್ಲದೆ “ಹೂಂ, ಆಯ್ತು” ಎನ್ನುತ್ತಾನೆ.

೫. ಅರ್ಜಿದಾರನ ತಾಯಿಯವರದು ಇನ್ನೊಂದು ತೊಂದರೆ. ಇವರು ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದವರು, ಮಾತು ಕಡಿಮೆ, ಮುದ್ದು ಅದಕ್ಕಿಂತ ಕಡಿಮೆ. ಮಕ್ಕಳಿಗೆ ಮೀಸೆ ಬಂದ ಮೇಲೆ ಅಳತೆ ಟೇಪು ಹಿಡಿಯಲು ಬಿಟ್ಟರೆ ಮೈ ಮುಟ್ಟಿದವರಲ್ಲ. ಪೋಸ್ಟರ್ ನೋಡಿಕೊಂಡು ಮನೆಗೆ ಬಂದವರೇ, ಚೀಲ ಕೆಳಗಿಡುವ ಮೊದಲೇ ಹೇಳಿದರು.

“ಶರ್ಟ್ ಬಿಚ್ಚು. ಬೋರಲು ಮಲಕ್ಕೋ.”

“ಅಮ್ಮಾ, ನನಗೇನೂ ನೋವಿಲ್ಲ. ಅದು ಬರೀ ಫೋಟೊ.”

“ಫೋಟೊ ಸುಳ್ಳು ಹೇಳತ್ತೇನೋ? ಊರಿಗೆಲ್ಲ ತೋರಿಸಿದೀಯ, ಹೆತ್ತವಳಿಗೆ ಬಾಯಿ ಬಿಡಲಿಲ್ಲ.”

“ಹಾಗಾದ್ರೆ ತಮ್ಮನಿಗೆ?”

“ಅವನಿಗೇನು ಧಾಡಿ, ಹಲ್ಲು ಕಿಸ್ಕೊಂಡು ನಿಂತಿದಾನೆ.”

ಅಂದಿನಿಂದ ದಿನಾ ಊಟವಾದ ಮೇಲೆ ತಾಯಿಯವರು ಅರ್ಜಿದಾರನ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದಾರೆ. ಅವನ ಶರ್ಟುಗಳೆಲ್ಲ ನಾರುತ್ತಿವೆ.

೬. ಸೋಮವಾರ ಹೊಸ ಪೋಸ್ಟರಿಗೆ ಫೋಟೊ ತೆಗೆಯುವುದಾಗಿ ತಿಳಿದುಬಂದಿದೆ. ಕಾರಣ, ಮೇಲಿನ ಎಲ್ಲ ಕಾರಣಗಳಿಂದಾಗಿ, ಅರ್ಜಿದಾರನನ್ನು ಈ ಸಲ ‘ನಂತರ’ ಮಾಡಬೇಕಾಗಿ

ಇಲ್ಲಿಗೆ ಬರೆದು ಅರ್ಜಿದಾರನು ಊಟಕ್ಕೆ ಎದ್ದುಹೋದನು. ಮುಂದಿನದು ಊಟವಾದ ಮೇಲೆ ಬರೆದದ್ದು.

೭. ತಟ್ಟೆಯ ಮುಂದೆ ಕೂತ ಅರ್ಜಿದಾರನು ಮೀಸೆ ತಿರುವುತ್ತಾ, ಸೋಮವಾರದಿಂದ ‘ನಂತರ’ ತಾನೇ ಎಂದು ತಮ್ಮನಿಗೆ ಸಾರಿದನು. ಜಗಳವಾಗುತ್ತದೆಂದೇ ಎಣಿಸಿದ್ದನು. ತಮ್ಮನು ಎತ್ತಿದ ತುತ್ತನ್ನು ತಟ್ಟೆಗಿಟ್ಟನು.

“ತಗೋ ಅಣ್ಣ, ನೀನೇ ಆಗು. ನಾನು ‘ಮೊದಲು’ ಆಗ್ತೀನಿ. ನಾನೇ ಸ್ಟುಡಿಯೋಗೆ ಹೋಗಿ ಕೇಳೋಣ ಅಂತಿದ್ದೆ.”

“ಯಾಕೋ? ನಿನಗೇನು ತಲೆ ಕೆಟ್ಟಿದ್ಯಾ?”

“ದಿನಾ ಬಾಗಿಲ ಹತ್ರ ನಿಂತು ನೋಡ್ತೀನಿ.” ಅವನು ದನಿ ತಗ್ಗಿಸಿದನು. “ನನಗೂ ಬೆನ್ನಿದೆ ಅಣ್ಣ.”

ಅರ್ಜಿದಾರನಿಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

೮. ಊಟವಾದ ಮೇಲೆ ತಾಯಿಯವರು ಎಂದಿನಂತೆ ತಿಕ್ಕಲು ಕೂತರು. ಹೆಗಲಿನ ಹತ್ತಿರ ಬಂದಾಗ ಕೈ ನಿಂತಿತು. “ನಿಮ್ಮಪ್ಪ ಹೋದಮೇಲೆ ಎಲ್ಲಾ ಇದರ ಮೇಲೇ ಹಾಕಿಬಿಟ್ಟೆ. ಭಾರ ಆಯ್ತೇನೋ ಅಂತ ಒಂದು ದಿನ ಕೇಳ್ಲಿಲ್ಲ ನೋಡು” ಎಂದರು. ಅರ್ಜಿದಾರನು ದಿಂಬಿಗೆ ಮುಖವಿಟ್ಟು ಅತ್ತನು. ಮುಲಾಮು ಉರಿಯುತ್ತಿರುವುದೇ ಇದಕ್ಕೆ ಕಾರಣವೆಂದು ತಾಯಿಯವರಿಗೆ ವಿವರಣೆ ನೀಡಲಾಗಿದೆ.

ಅವರು ಆಮೇಲೆ ಡಬ್ಬಿಯನ್ನು ದೀಪಕ್ಕೆ ಹಿಡಿದು ನೋಡಿ, “ಬೇಗ ಗುಣ ಅಂತ ಹಾಕಿದಾರೆ. ಬೇಗ ಅಂದ್ರೆ ಎಷ್ಟು ದಿನವೋ? ಹೊಸ ಪೋಸ್ಟರಲ್ಲಾದ್ರೂ ಸರಿಯಾಗಿ ಬರೀತಾರೇನೋ” ಎಂದರು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ,

ಅ) ಬಡ್ತಿಯ ಕೋರಿಕೆಯನ್ನು ರದ್ದುಪಡಿಸಿ, ಅರ್ಜಿದಾರನನ್ನು ‘ಮೊದಲು’ ಸ್ಥಾನದಲ್ಲಿಯೇ ಖಾಯಂ ಮಾಡಬೇಕು. ಗದ್ದವನ್ನು ಇನ್ನೂ ಮುಂದಕ್ಕೆ ತರಲು ಅವನು ಸಿದ್ಧನಿದ್ದಾನೆ.

ಆ) ತಮ್ಮನು ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರೆ ನಂಬಬಾರದು. ಆದರೂ ಅವನು ಒಡಹುಟ್ಟಿದವನಾದ ಕಾರಣ, ತಲೆನೋವಿನ ಮುಲಾಮಿನ ಕೆಲಸ ಯಾವುದಾದರೂ ಬಂದಲ್ಲಿ ಅದರ ‘ಮೊದಲು’ ಅವನಿಗೇ ಕೊಡಬೇಕು. ಹಣೆ ಅವನ ಪಾಲಿಗಿರಲಿ, ಬೆನ್ನು ಅರ್ಜಿದಾರನ ಪಾಲಿಗಿರಲಿ. ಅಣ್ಣತಮ್ಮಂದಿರಲ್ಲಿ ಪಾಲಿನ ತಕರಾರು ಬೇಡ.

ತಮ್ಮ ವಿಶ್ವಾಸಿ, ಈಗಷ್ಟೇ ಬೆನ್ನು ಬೆಚ್ಚಗಾಗಿರುವ,
‘ಮೊದಲು’

ಲಗತ್ತುಗಳು:
೧) ಸಲಹೆಗಳ ನಕಲು. ಕಣ್ಣಲ್ಲಿ ನಗುವ ಸಲಹೆ ಇನ್ನೂ ಅಭ್ಯಾಸದಲ್ಲಿದೆ.
೨) ಮುಲಾಮಿನ ಖಾಲಿ ಡಬ್ಬಿ.

ವಿ.ಸೂ.: ಎಷ್ಟು ದಿನದಲ್ಲಿ ಗುಣವಾಗುತ್ತದೆ ಎಂಬುದನ್ನು ಹೊಸ ಪೋಸ್ಟರಿನಲ್ಲಿ ಎಲ್ಲಿಯೂ ಮುದ್ರಿಸದಂತೆ ಕಂಪನಿಯವರಿಗೆ ಹೇಳಬೇಕಾಗಿ ವಿನಂತಿ. ನಮ್ಮಮ್ಮನಿಗೆ ಓದಲು ಬರುತ್ತದೆ.