ಚರ್ಮ ಸವೆದ ನಳದ ನೀರನ್ನು ಗಂಗೆಯೆಂದು ಮಾನ್ಯ ಮಾಡುವ ಬಗ್ಗೆ

ಈ ಅರ್ಜಿಯು ಯಾವ ಯಾವ ಕೈಗಳನ್ನು ದಾಟಿ ಮೇಲಧಿಕಾರಿಗಳನ್ನು, ಪ್ರಸ್ತುತ ಪ್ರಸಂಗದಲ್ಲಿ ಕೆಳಗಿನ ಅಧಿಕಾರಿಗಳನ್ನು, ತಲುಪುವುದೋ ಆ ಎಲ್ಲ ಸುಜ್ಞ ವಾಚಕ ಮಹಾಶಯರಲ್ಲಿ ಅರ್ಜಿದಾರನ ವಿನಯಪೂರ್ವಕ ವಿಜ್ಞಾಪನೆ ಏನೆಂದರೆ: ಇದನ್ನು ಪೂರ್ತಿ ಓದಬೇಕು, ಆದರೆ ಗಟ್ಟಿಯಾಗಿ ಓದಬಾರದು. ಪುಣೆಯ ಸದಾಶಿವ ಪೇಠೆಯಲ್ಲಿ ಮಧ್ಯಾಹ್ನದ ವೇಳೆಯಂತೂ ತುಟಿಯನ್ನು ಸಹ ಅಲುಗಿಸಬಾರದು. ಕಾರಣವು ಮುಂದೆ ತಾನಾಗಿ ತಿಳಿದುಬರುವುದು.

ಇಂದ
ಅವಧೂತ ಹನುಮಂತ ಗಲಗಲಿ,
ಮೂಲತಃ ಧಾರವಾಡದ ಕಡೆಯವನು, ಸದ್ಯ ಪುಣೆ,
ಕಾಯಂ ವಿಳಾಸ ಇರುವುದಿಲ್ಲ.

ಗೆ
ಮಾನ್ಯ ಮುಖ್ಯ ಜಲಾಧಿಕಾರಿಗಳು,
ನೆಲದೊಳಗಿನ ನೀರಿನ ಖಾತೆ, ಪಾತಾಳ ಕಚೇರಿ.
(ಬಾವಿಯ ಮೂಲಕ)

ದಿನಾಂಕ: ವೈಶಾಖ ಬಹುಳ ಪಂಚಮಿ, ಇಸವಿ ೧೯೨೬.

ವಿಷಯ: ಖಡಕವಾಸಲೆಯ ಅಣೆಕಟ್ಟಿನಿಂದ ಊರಿಗೆ ತಂದ ಮುಠಾ ನದಿಯ ನೀರು ನಳದಿಂದ ಸೋರಿ, ನೆಲದಲ್ಲಿ ಇಂಗಿ, ಅನ್ಯರ ಬಾವಿಯಲ್ಲಿ ಎದ್ದಿರುವುದರಿಂದ ಅದನ್ನು ಮಡಿ ನೀರೆಂದು ಮಾನ್ಯ ಮಾಡಿ ಯಥಾಸ್ಥಿತಿ ಮುಂದುವರಿಸುವ ಬಗ್ಗೆ.

ಉಲ್ಲೇಖ: (೧) ನೆಲದ ಮೇಲಿನ ನೀರಿನ ಕಚೇರಿಯ ಕಾರಕೂನ ರಘುರಾಮನ ತೋಂಡಿ (ಬಾಯಿಮಾತಿನ) ಉತ್ತರ. (೨) ಖಾನಾವಳಿಯ ಕೃಷ್ಣಾಬಾಯಿಯವರು ಸೌಟು ಹಿಡಿದು ಮಾಡಿದ ಪ್ರತಿಜ್ಞೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಪಟ್ಟಂತೆ ಸದರಿ ಅರ್ಜಿದಾರನು ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ಸದಾಶಿವ ಪೇಠೆಯ ಒಂದು ಓಣಿಯಲ್ಲಿ ಕೃಷ್ಣಾಬಾಯಿ ಎಂಬ ವಿಧವೆಯವರು ಖಾನಾವಳಿ ನಡೆಸುತ್ತಾರೆ. ಧಾರವಾಡ, ಬೆಳಗಾವಿಗಳಿಂದ ಬಂದು ಪುಣೆಯ ಕಚೇರಿಗಳಲ್ಲಿ ಬೆನ್ನು ಬಗ್ಗಿಸುವ ಒಂಟಿ ಗಂಡಸರು ಎರಡು ಹೊತ್ತೂ ಅಲ್ಲಿಯೇ ಉಣ್ಣುತ್ತಾರೆ. ಎಲ್ಲರೂ ಕೃಷ್ಣಾಬಾಯಿಯವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ಕಾಕು ಮಡಿಯಲ್ಲಿ ಅಡಿಗೆ ಮಾಡುವವರು. ತಮ್ಮ ವಾಡೆಯ, ಅಂದರೆ ದೊಡ್ಡ ಮನೆಯ, ಹಿತ್ತಲ ಬಾವಿಯ ನೀರಿನ ಹೊರತು ಬೇರೆ ನೀರನ್ನು ಒಲೆಯ ಸಮೀಪಕ್ಕೂ ಬಿಟ್ಟುಕೊಳ್ಳುವವರಲ್ಲ. ವಾಡೆಯ ಹಿಂಗೋಡೆಗೆ ತಾಗಿಯೇ ಊರಿನ ನಳವಿದೆ. ಆದರೆ ನಳದ ಗಂಟಲಲ್ಲಿ ಚರ್ಮದ ಬಿಲ್ಲೆ, ಅಂದರೆ ವಾಶರು, ಇರುತ್ತದೆಂಬ ಸಂಗತಿಯನ್ನು ಯಾರೋ ಪುಣ್ಯಾತ್ಮರು ಅವರ ಕಿವಿಗೆ ಹಾಕಿದ್ದಾರೆ. ಅಂದಿನಿಂದ ನಳವು ಅವರ ಪಾಲಿಗೆ ಗೋಡೆಗೆ ಕಟ್ಟಿದ ಸತ್ತ ಎಮ್ಮೆಯಾಗಿದೆ.

೨. ಈ ವರ್ಷ ಚೈತ್ರದಲ್ಲಿಯೇ ಬಾವಿ ಬತ್ತಿತು. ಕೊಡ ಇಳಿಸಿದರೆ ಕಲ್ಲಿನ ಸಪ್ಪಳ ಮೇಲೆ ಬರತೊಡಗಿತು. ಊಟಕ್ಕೆ ಕುಳಿತ ಪಂಕ್ತಿಯ ಎದುರಿಗೆ ಕಾಕು ಸೌಟು ಎತ್ತಿ, ಅಕ್ಷಯ ತೃತೀಯೆಯ ಗಡುವು ಹಾಕಿ, ಹೇಳಿದ್ದು:

“ಅಕ್ಷತದಿಗಿ ತನಕಾ ನೋಡ್ತೀನಿ. ಬಾವಿಗೆ ನೀರು ಬಂತು, ಛಲೋ ಆತು. ಬರಲಿಲ್ಲ, ಖಾನಾವಳಿಗೆ ಕೀಲಿ ಹಾಕಿ ಬೆಳಗಾವಿಗೆ ಹೋಗ್ತೀನಿ. ನಮ್ಮ ಮೈದುನ ಕರೀಲಿಕ್ಕೇ ಹತ್ತ್ಯಾನ.”

“ಮೈದುನ ಭಾಳ ಪ್ರೀತಿಲೇ ಕರೀತಾರೇನ್ರಿ ಕಾಕು?” ಎಂದು ಅರ್ಜಿದಾರನು ವಿಚಾರಿಸಿದನು.

“ಪ್ರೀತೀನ? ಅವರ ಅಡಿಗಿಯಾಕಿ ಓಡಿಹೋಗ್ಯಾಳ,” ಎಂದು ಕಾಕು ಅನ್ನ ಬಡಿಸಿದರು.

ಅಂದರೆ, ಇಲ್ಲಿ ಯಜಮಾನಿಯಾಗಿ ಸೌಟು ಹಿಡಿಯುವ ಕೈ ಅಲ್ಲಿ ಪುಕ್ಕಟೆಯ ಆಳಾಗಿ ಹಿಡಿಯಬೇಕಾಗಿತ್ತು. ಅರ್ಜಿದಾರನಾದರೋ ಹುಟ್ಟಾ ಅಲೆಮಾರಿ. ಬಾರಾಮತಿಯಿಂದ ಲೋಣಾವಳೆಯವರೆಗೆ ಯಾವ ಊರಿನ ಅನ್ನವೂ ಒಂದು ಋತುವಿಗಿಂತ ಹೆಚ್ಚು ಅವನನ್ನು ಕಟ್ಟಿಹಾಕಿಲ್ಲ. ಆದರೆ ಕಾಕುವಿನ ಮೆಂತ್ಯದ ಹಿಟ್ಟು ಕಟ್ಟಿಹಾಕಿತ್ತು. ಆದ್ದರಿಂದ, ಸ್ವಂತ ಹೊಟ್ಟೆಯ ಕಾರಣ ಹಾಗೂ ಕಾಕುವಿನ ಮಾನದ ಕಾರಣ, ಅರ್ಜಿದಾರನು ಕಾರ್ಯಪ್ರವೃತ್ತನಾದನು.

೩. ಪ್ರಥಮತಃ ಅವನು ನಿಯಮಾನುಸಾರ ನೆಲದ ಮೇಲಿನ ನೀರಿನ ಕಚೇರಿಗೆ ಹೋದನು. ನಳದಿಂದ ಹಗಲಿಡೀ ನೀರು ಸೋರಿ ಗಟಾರಕ್ಕೆ ಹೋಗುತ್ತದೆ. ನದಿಯನ್ನು ಅಡ್ಡಗಟ್ಟಿ, ಕಾಲುವೆಯಲ್ಲಿ ನಡೆಸಿ, ಕೊಳವೆಯಲ್ಲಿ ತೂರಿಸಿ, ಓಣಿಯ ಮುಖ ತೋರಿಸಿ, ಮತ್ತೆ ಗಟಾರದ ದಾರಿಯಲ್ಲಿ ಅದೇ ನದಿಗೆ ಕಳಿಸುವುದು ಯಾವ ಉದ್ದೇಶಕ್ಕೆಂದು ತಿಳಿಯದು. ಆ ಸೋರುವ ನೀರನ್ನು ಬಾವಿಯ ಪಕ್ಕದ ನೆಲದಲ್ಲಿ ಇಂಗಿಸಲು ಪರವಾನಗಿ ಬೇಕೆಂದು ಕಿಟಕಿಯಲ್ಲಿ ಕೇಳಲಾಯಿತು. ಕಿಟಕಿಯ ಒಳಗಿದ್ದವನು ರಘುರಾಮ. ಅವನೂ ಕಾಕುವಿನ ಪಂಕ್ತಿಯವನೇ, ಅರ್ಜಿದಾರನ ಎಡಗಡೆಗೆ ಕುಳಿತು ಉಣ್ಣುವವನು. ಆದರೆ ಕಿಟಕಿಯ ಒಳಗೆ ಅವನಿಗೆ ಯಾರ ಗುರುತೂ ಹತ್ತುವುದಿಲ್ಲ.

“ನೆಲದ ಮ್ಯಾಲಿನ ನೀರು ನಮ್ಮದು,” ಎಂದನು. “ಒಳಗ ಇಳೀತು ಅಂದ್ರ ಅದು ನಮ್ಮ ಖಾತೆ ಅಲ್ಲ. ಅಲ್ಲೇ ಅರ್ಜಿ ಹಾಕು.”

“ಎಲ್ಲೆ?”

“ಎಲ್ಲೆ ಇಳೀತದೋ ಅಲ್ಲೆ.”

ಸದರಿ ಉತ್ತರವೇ ಪ್ರಸ್ತುತ ಅರ್ಜಿಗೆ ಆಧಾರವಾಗಿರುತ್ತದೆ.

೪. ಅರ್ಜಿದಾರನ ವಿದ್ಯಾಭ್ಯಾಸವು ಬಹುಪಾಲು ರೈಲ್ವೆ ಸ್ಟೇಶನ್ನಿನಲ್ಲಿ ಮಾರುವ ಪತ್ತೇದಾರಿ ಕಾದಂಬರಿಗಳಲ್ಲಿ ನಡೆದಿದೆ. ಅವುಗಳಲ್ಲಿ ಪ್ರತಿಯೊಂದು ವಾಡೆಯ ಅಡಿಗೂ ಸುರಂಗವಿದ್ದು, ಇಲ್ಲಿ ಇಳಿದವನು ತಪ್ಪದೆ ತಾನು ಬಯಸಿದಲ್ಲಿ ಮೇಲೆ ಬರುತ್ತಾನೆ. ನೀರೂ ಹಾಗೆಯೇ ನಡೆದುಕೊಳ್ಳುವುದೆಂದು ಅರ್ಜಿದಾರನು ಭಾವಿಸಿದ್ದು ಸಹಜ. ಪತ್ತೇದಾರನು ಕತ್ತಲಲ್ಲಿ ಕೆಲಸ ಮಾಡುವುದು ವಾಡಿಕೆ; ಆದರೆ ಸದಾಶಿವ ಪೇಠೆಯಲ್ಲಿ ರಾತ್ರಿ ನೂರು ಕಣ್ಣು ಎಚ್ಚರವಿರುತ್ತವೆ, ಮಧ್ಯಾಹ್ನ ಒಂದೂ ಇರುವುದಿಲ್ಲ. ಊಟವಾದ ಮೇಲೆ ಇಲ್ಲಿ ಮನುಷ್ಯರು, ಬೆಕ್ಕುಗಳು, ಅಂಗಡಿಗಳ ಬಾಗಿಲುಗಳು, ಎಲ್ಲ ಮಲಗುತ್ತವೆ. ಎದುರು ವಾಡೆಯ ಮಾಲೀಕರಾದ ಮಧುಕರರಾವ್ ಗದ್ರೆಯವರ ನಿದ್ದೆಯಂತೂ ಓಣಿಗೇ ಪ್ರಸಿದ್ಧ. ಹಿಂದೊಮ್ಮೆ ಕಾಕು ಮಧ್ಯಾಹ್ನ ಚಟ್ನಿಪುಡಿ ಕುಟ್ಟಿದ ಕಾರಣ ಅವರು ಬಾಗಿಲಿಗೆ ಬಂದು ಕೂಗಾಡಿ ಹೋಗಿದ್ದರು. ಅಂದಿನಿಂದ ಉಭಯ ಮನೆಗಳ ನಡುವೆ ಮಾತು ಬಂದ್.

ಆದ ಪ್ರಯುಕ್ತ, ಆ ಪವಿತ್ರ ವೇಳೆಯಲ್ಲಿ ಅರ್ಜಿದಾರನು ಬಾವಿಯ ಪಕ್ಕದಲ್ಲಿ ಹೊಂಡ ತೋಡಿದನು. ಗುದ್ದಲಿಗೆ ಹರಕು ಧೋತರ ಸುತ್ತಿ ತೋಡಿದ್ದರಿಂದ ಸಪ್ಪಳವಾಗಲಿಲ್ಲ. ಒಡಕು ಇಟ್ಟಿಗೆ, ಮರಳು ತುಂಬಿದನು. ನಳದ ಕೆಳಗಿನ ಕಲ್ಲುದೋಣಿಯಿಂದ ತುಳುಕುವ ನೀರನ್ನು ಸೀಳಿದ ಬಿದಿರಿನಲ್ಲಿ ಹರಿಸಿ, ಗೋಡೆಯ ಬುಡದ ಹಳೆಯ ಕಿಂಡಿಯಿಂದ ಹೊಂಡಕ್ಕೆ ಬಿಟ್ಟನು. ಮೇಲೆ ಹಾಸುಗಲ್ಲು ಮುಚ್ಚಿ, ಅದರ ಮೇಲೆ ತುಳಸಿಯ ಕುಂಡವಿಟ್ಟನು.

೫. ಹೊಂಡವು ನೀರನ್ನು ಗಟಗಟನೆ ಕುಡಿಯಿತು. ಕೊಟ್ಟಷ್ಟೂ ಕುಡಿಯಿತು. ಕಾಕುವಿನ ಬಾವಿಯಲ್ಲಿ ಮಾತ್ರ ಒಂದು ಹನಿಯೂ ಏರಲಿಲ್ಲ. ಅರ್ಜಿದಾರನು ದಿನವೂ ಬಾವಿಗೆ ಬಗ್ಗಿ ನೋಡಿದನು. ಬಾವಿಯೂ ಅವನನ್ನು ನೋಡಿತು. ಅಕ್ಷತದಿಗೆಯ ಬೆಳಿಗ್ಗೆ ಕಾಕು ಹಿತ್ತಾಳೆಯ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟತೊಡಗಿದರು. ಅದೇ ಹೊತ್ತಿಗೆ ಎದುರು ವಾಡೆಯಿಂದ ಗದ್ರೆಯವರು “ಗಂಗಾ ಆಲೀ! ಗಂಗಾ ಆಲೀ!” (ಗಂಗೆ ಬಂದಳು) ಎಂದು ಬರೀ ಮೈಯಲ್ಲಿ ಓಣಿಗೆ ಓಡಿ ಬಂದರು. ತಿಂಗಳಿನಿಂದ ಕೆಸರು ಕಾರುತ್ತಿದ್ದ ಅವರ ಬಾವಿಯಲ್ಲಿ, ಕೈಯೆತ್ತರದ ತಿಳಿನೀರು!

ಇಲ್ಲಿ ಅರ್ಜಿದಾರನು ತಮ್ಮ ಖಾತೆಯನ್ನು ದೂಷಿಸುತ್ತಿಲ್ಲ. ಆದರೆ ಪುಣೆಯ ನೆಲದೊಳಗಿನ ಕರಿಕಲ್ಲು ಓಣಿಯ ಆಚೆಗೆ ಇಳಿಜಾರಾಗಿದೆ ಎಂಬುದನ್ನು ಮುಂಚಿತವಾಗಿ ಒಂದು ಫಲಕದ ಮೇಲೆ ಪ್ರಕಟಿಸಿದ್ದರೆ ಉಪಕಾರವಾಗುತ್ತಿತ್ತು.

೬. ಸಂಜೆ ಗದ್ರೆಯವರ ಬಾವಿಗೆ ಆರತಿಯಾಯಿತು. ಓಣಿಯೆಲ್ಲ ನೆರೆಯಿತು. ನೀರಿನ ಮರ್ಯಾದೆಗೆ ತಕ್ಕುದಾಗಿ ರಾಟೆಯನ್ನು ಕಿತ್ತು, ಮುಂಬಯಿಯಿಂದ ಕೈಪಂಪು ತರಿಸುವುದಾಗಿ ಅವರು ಸಾರಿದರು. ಪಂಪಿನ ಹೊಟ್ಟೆಯಲ್ಲಿ ನಳಕ್ಕಿಂತ ದೊಡ್ಡ ಚರ್ಮ ಇರುವುದನ್ನು ಅರ್ಜಿದಾರನು ಬಲ್ಲನು. ಪಂಪು ಬಂದರೆ ಆ ನೀರೂ ಕಾಕುವಿನ ಒಲೆಗೆ ಸಲ್ಲದು.

ಆಗ ಜನರ ನಡುವಿನಿಂದ ಕೃಷ್ಣಾಬಾಯಿಯವರು, ಕೈಯಲ್ಲಿ ಹಗ್ಗ, ಕಂಕುಳಲ್ಲಿ ತಾಮ್ರದ ಕೊಡ, ನೇರವಾಗಿ ಬಾವಿಯ ಕಟ್ಟೆಗೆ ಬಂದರು. ಮುಂದಿನ ಸಂಭಾಷಣೆಯು ಮರಾಠಿಯಲ್ಲಿ ನಡೆಯಿತು. ಅರ್ಜಿದಾರನೇ ಭಾಷಾಂತರಿಸಿದ್ದಾನೆ, ಬೈಗುಳಗಳನ್ನು ಸ್ಥಳಾಭಾವದ ಕಾರಣ ಕೈಬಿಡಲಾಗಿದೆ.

“ಏನ್ರಿ ಕೃಷ್ಣಾಬಾಯಿ, ದಾರಿ ತಪ್ಪೀತೇನು?” ಎಂದರು ಗದ್ರೆಯವರು.

“ನನ್ನ ದಾರಿ ತಪ್ಪಿಲ್ಲ, ನೀರಿಂದು ತಪ್ಪ್ಯದ. ನನ್ನ ಬಾವಿ ಬತ್ತಿತು, ನಿಮ್ಮದು ತುಂಬಿತು. ಗಂಗಾ ನನ್ನ ಹಿತ್ತಲ ಬಿಟ್ಟು ನಿಮ್ಮ ಮನಿಗೆ ಬಂದಾಳ. ನೋಡಿಕೊಂಡು ಹೋಗ್ಲಿಕ್ಕೆ ನಾನೂ ಬರಬ್ಯಾಡೇನು?”

“ಬರ್ರಿ. ಪಂಪು ಬರಲಿ, ಒತ್ತಿಕೊಂಡು ಒಯ್ರಿ.”

“ಪಂಪು! ಆ ಪಂಪು ಒತ್ತಿದ್ರ ಹ್ಯಾಂಗ ಒದರ್ತದ ಕೇಳೀರೇನು? ಕರ್ರ್, ಕರ್ರ್, ಕರ್ರ್. ನೀರು ಅಂದಮ್ಯಾಲೆ ಓಣಿ ಮಂದಿ ಹೊತ್ತು ನೋಡಿ ಬರ್ತಾರೇನು? ಊಟ ಆದಮ್ಯಾಲೇ ಬರ್ತಾರ. ನೀವು ಆಗಷ್ಟೇ ಅಡ್ಡಾಗಿರ್ತೀರಿ.”

ಗದ್ರೆಯವರ ಮುಖದಲ್ಲಿ ಭಕ್ತಿ ಇಳಿದು ಭಯ ಏರಿತು.

“ರಾಟಿ?” ಎಂದು ಸಣ್ಣಗೆ ಕೇಳಿದರು.

“ನಿಮ್ಮ ರಾಟಿಗೆ ಎಣ್ಣಿ ನಾನೇ ಹಾಕ್ತೀನಿ. ಮುಂಜಾನೆ ಸೇದತೀನಿ. ಮಧ್ಯಾಹ್ನ ಒರಳಿಗೂ ಕೈ ಹಚ್ಚೂದಿಲ್ಲ.”

ಪಂಪಿನ ಮಾತು ಅಲ್ಲಿಗೇ ಮುಳುಗಿತು. ಹೀಗೆ ಕಾಕುವಿಗೆ ಬಾವಿಯೂ ಗದ್ರೆಯವರಿಗೆ ನಿದ್ದೆಯೂ ಪ್ರಾಪ್ತವಾದವು. ಈ ಸಂತೋಷದಲ್ಲಿ ಅರ್ಜಿದಾರನು ಮೈಮರೆತು, “ಅದು ಹ್ಯಾಂಗ ಆತು ಅಂದ್ರ, ಈ ಕಲ್ಲು ಅದಲ್ಲ, ಅದರ ಇಳಿಜಾರು...” ಎಂದು ವಿವರಿಸಲು ಬಾಯಿ ತೆರೆದನು. ಕಾಕು ಆ ತೆರೆದ ಬಾಯಿಗೆ ಪ್ರಸಾದದ ಪೇಢೆಯನ್ನು ಇಡಿಯಾಗಿ ತುರುಕಿದರು. ಪ್ರೀತಿಯಿಂದ ತುರುಕಿದರೆಂದು ಅವನು ಆಗ ತಿಳಿದಿದ್ದನು.

೭. ಮೂರನೆಯ ದಿನ ರಘುರಾಮನು ನಳ ಬಿಚ್ಚುವ ಪಾನಾ, ಹೊಸ ವಾಶರು ಹಾಗೂ ಕಚೇರಿಯ ಹುಕುಮಿನೊಂದಿಗೆ ಫಿಟರನನ್ನು ಕರೆದುಕೊಂಡು ಬಂದನು. ಸೋರುವ ನಳಗಳನ್ನೆಲ್ಲ ದುರಸ್ತಿ ಮಾಡತಕ್ಕದ್ದು. ಸೋರಿಕೆ ನಿಂತರೆ ಹೊಂಡ ಬತ್ತುವುದು, ಹೊಂಡ ಬತ್ತಿದರೆ ಗದ್ರೆಯವರ ಗಂಗೆ ಇಳಿಯುವಳು, ಗಂಗೆ ಇಳಿದರೆ ಕಾಕು ಬೆಳಗಾವಿಗೆ, ಕಾಕು ಬೆಳಗಾವಿಗೆ ಹೋದರೆ ರಘುರಾಮನ ಹೊಟ್ಟೆಗೆ ಹೊಟೇಲಿನ ಸೋಡಾ ಹಾಕಿದ ಅನ್ನ. ಈ ಸಂಗತಿಯನ್ನು ಅರ್ಜಿದಾರನು ಗೋಡೆಯ ಮರೆಯಲ್ಲಿ ಅವನಿಗೆ ಹೇಳಿ, ಹಾಸುಗಲ್ಲು ಎತ್ತಿ ತೋರಿಸಿದನು.

ರಘುರಾಮನು ಬಗ್ಗಿ ಬಿದಿರನ್ನು ಮುಟ್ಟಿ ನೋಡಿದನು. “ಮಗನ, ನನ್ನ ನೌಕರಿ ತಿಂತೀ,” ಎಂದನು. ಅನಂತರ ಫಿಟರನಿಗೆ ಹಳೆಯದನ್ನು ಬಿಚ್ಚಲು ಹೇಳಿ, ಹೊಸದನ್ನು ತನ್ನ ಕಿಸೆಗೇ ಹಾಕಿಕೊಂಡನು. “ಸವೆದ ವಾಶರನ್ನು ತೆಗೆಯಲಾಗಿದೆ” ಎಂದು ವರದಿ ಬರೆದನು. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಬಿಚ್ಚಿದ ಚರ್ಮವನ್ನು ಅರ್ಜಿದಾರನ ಅಂಗೈಯಲ್ಲಿಟ್ಟು, “ಇದು ಓಣಿಯೊಳಗ ಎಲ್ಲೂ ಕಾಣಬಾರದು,” ಎಂದನು.

ಕಾರಣ, ಅಂದಿನಿಂದ ಸದರಿ ನೀರು ಚರ್ಮವನ್ನು ಮುಟ್ಟದೆಯೇ ಬರುತ್ತಿದ್ದು, ಹೊಂಡದ ಮಣ್ಣಿನಲ್ಲಿ ಸ್ನಾನವನ್ನೂ ಮಾಡಿ ಹೋಗುತ್ತಿರುವುದರಿಂದ, ಅದು ಮಡಿಯೇ ಎಂದು ಅರ್ಜಿದಾರನ ಸ್ಪಷ್ಟ ಅಭಿಪ್ರಾಯ.

೮. ಈ ಅಭಿಪ್ರಾಯವನ್ನು ಕಾಕುವಿಗೆ ತಿಳಿಸಿ ಅವರ ಮನಸ್ಸನ್ನು ನಿರಾಳಗೊಳಿಸೋಣವೆಂದು ಅರ್ಜಿದಾರನು ನಿನ್ನೆ ಮಧ್ಯಾಹ್ನ ಅಡಿಗೆಮನೆಯ ಹೊಸ್ತಿಲಿನ ಆಚೆ ನಿಂತು, “ಕಾಕು, ಆ ನೀರಿನ ವಿಷಯ ಒಂದು ಮಾತು,” ಎಂದನು.

“ಯಾವ ನೀರು? ನನಗೇನೂ ಗೊತ್ತಿಲ್ಲ,” ಎಂದರು ಕಾಕು, ಬದನೆಕಾಯಿ ಹೆಚ್ಚುತ್ತ.

“ನಾ ಏನೂ ಹೇಳೇ ಇಲ್ಲಲ್ರಿ.”

“ಹೇಳಬ್ಯಾಡ. ಮಧ್ಯಾಹ್ನ ಇಡೀ ಪೇಠ ಮಲಗ್ತದ, ಖರೆ. ರಾತ್ರಿ ಊಟಕ್ಕ ಕಾಯಿಪಲ್ಲೆ ಹೆಚ್ಚೋರು ಯಾರೋ, ನಿಮ್ಮಜ್ಜಿ? ಈ ಕಿಡಕಿಯೊಳಗಿಂದ ಹಿತ್ತಲ ಅಷ್ಟೂ ಕಾಣಸ್ತದ. ನನ್ನ ತುಳಸಿ ಕುಂಡ ತಾನಾಗೇ ನಡಕೋತ ಹೋತೇನು?”

ಕಾಕು ಈಳಿಗೆಯನ್ನು ಪಕ್ಕಕ್ಕೆ ಸರಿಸಿದರು.

“ನೋಡು ಅವಧೂತಾ. ರಘುರಾಮಗ ನೌಕರಿ ಅದ, ಅಂವ ಬಾಯಿ ಬಿಡೂದಿಲ್ಲ. ನನಗ ಖಾನಾವಳಿ ಅದ, ನಾನೂ ಬಿಡೂದಿಲ್ಲ. ನಿನಗೇನದ? ಕಥಿ ಅದ. ಕಥಿ ಇದ್ದಾಂವ ಹೇಳದ ಇರ್ತಾನೇನು? ಅವತ್ತು ಪೇಢೆ ಇತ್ತು ಅಂತ ಬಚಾವಾದೆ. ದಿನಾ ಪೇಢೆ ಎಲ್ಲಿಂದ ತರ್ಲೋ?”

ಪ್ರಸ್ತುತ ಅರ್ಜಿಯೇ ಅವರ ಮಾತಿಗೆ ಸಾಕ್ಷಿ.

ಇಂದು ಅವರು, ಊರು ಬಿಡತಕ್ಕದ್ದೆಂಬ ಹುಕುಮಿನ ರೂಪದಲ್ಲಿ, ಬಟ್ಟೆಯಲ್ಲಿ ಕಟ್ಟಿದ ದಶಮಿಯ ಗಂಟನ್ನು ಹೊಸ್ತಿಲ ಮೇಲಿಟ್ಟರು. ದಾರಿಯ ಬುತ್ತಿಗೆಂದು ಹಾಲಿನಲ್ಲಿ ಕಲಸಿ ತಟ್ಟುವ ರೊಟ್ಟಿಯದು, ನೀರು ಮುಟ್ಟಿಸುವುದಿಲ್ಲ.

“ಹಾಲಿನಾಗ ಕಲಸೀನಿ,” ಎಂದರು. “ಗೊತ್ತಿಲ್ಲದವರಿಗೆ ಅದು ಗಂಗಾ. ನಿನಗ ಗೊತ್ತದ. ಆ ನೀರು ನಿನಗ ನಡಿಯೂದಿಲ್ಲ.”

“ಮತ್ತ ನಿಮಗರೀ, ಕಾಕು?”

“ನನಗೇನೂ ಗೊತ್ತಿಲ್ಲ ಅಂದ್ನಲ್ಲ!” ಎಂದು ಗದರಿಸಿ ಒಲೆಯ ಕಡೆ ತಿರುಗಿದರು. ಹೊಗೆ ಇರಲಿಲ್ಲ, ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಮಾನ್ಯರು ದಯಮಾಡಿ: ನೀರನ್ನು ಈಗ ಹೋಗುತ್ತಿರುವ ದಾರಿಯಲ್ಲಿಯೇ ಮಳೆಗಾಲದವರೆಗೆ ಬಿಡತಕ್ಕದ್ದು, ಕಲ್ಲಿನ ಇಳಿಜಾರನ್ನು ಯಾವ ಶಿಫಾರಸಿಗೂ ಬದಲಿಸತಕ್ಕದ್ದಲ್ಲ, ಮೇಲಿನವರು ಯಾರಾದರೂ ನೀರಿನ ಮೂಲ ವಿಚಾರಿಸಿದಲ್ಲಿ “ಗಂಗೆ” ಎಂದು ಮಾತ್ರ ಉತ್ತರಿಸತಕ್ಕದ್ದು. ಮುಖ್ಯವಾಗಿ, ಈ ಅರ್ಜಿಗೆ ಯಾವ ಉತ್ತರವನ್ನೂ ಕಳಿಸಬಾರದೆಂದು ವಿನಂತಿ. ಕಳಿಸಿದರೂ ತೆಗೆದುಕೊಳ್ಳಲು ಅರ್ಜಿದಾರನು ಇಲ್ಲಿ ಇರುವುದಿಲ್ಲ.

ತಮ್ಮ ವಿಶ್ವಾಸಿ,
ಅ. ಹ. ಗಲಗಲಿ

ಅಡಕಗಳು:
(೧) ಸವೆದ ಚರ್ಮದ ವಾಶರು, ಒಂದು. ಚರ್ಮವನ್ನು ಬಾವಿಗೆ ಹಾಕಲು ಬಾರದ ಪ್ರಯುಕ್ತ ಇದನ್ನು ಲಗತ್ತಿಸಿಲ್ಲ. ಅರ್ಜಿದಾರನೇ ಕಿಸೆಯಲ್ಲಿ ಒಯ್ಯುತ್ತಿದ್ದಾನೆ.
(೨) ದಶಮಿ, ಮಾದರಿಗಾಗಿ. ಬರೆಯುವಾಗ ಹಸಿವಾದ ಕಾರಣ ಇದೂ ಲಗತ್ತಾಗಿಲ್ಲ.

ಷರಾ: ಕಾಕುವಿನ ಬಾವಿಯು ಇನ್ನೂ ಒಣಗಿಯೇ ಇದ್ದು, ತಮ್ಮ ಕಚೇರಿಗೆ ಕಾಗದವು ನೆನೆಯದೆ ತಲುಪುವ ಮಾರ್ಗ ಅದೊಂದೇ ಆದ್ದರಿಂದ ಅರ್ಜಿಯನ್ನು ಅದರಲ್ಲಿಯೇ ಹಾಕಲಾಗುತ್ತಿದೆ. ಧೋತರ, ಕಾದಂಬರಿಗಳು, ಬುತ್ತಿ, ಎಲ್ಲ ಗಂಟು ಕಟ್ಟಿದ್ದಾಗಿದೆ. ಲೋಣಾವಳೆಯ ಕಡೆಯ ಗಾಡಿಗೆ ಇನ್ನೂ ಹೊತ್ತಿದೆ. ಆದರೆ ಓಣಿಯೆಲ್ಲ ಮಲಗಿರುವ ಈ ವೇಳೆಯಲ್ಲಿಯೇ ಹೊರಡುವುದು ಲೇಸು. ಗದ್ರೆಯವರ ಗೊರಕೆ ಕೇಳಿಸುತ್ತಿದೆ. ಅಡಿಗೆಮನೆಯ ಕಿಟಕಿ ತೆರೆದಿದೆ. ಅರ್ಜಿದಾರನು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊರಟಿದ್ದಾನೆ. ಅವನನ್ನು ನೋಡಿಲ್ಲವೆಂದು ಆ ಕಿಟಕಿಯವರ ಹೇಳಿಕೆಯನ್ನು ದಾಖಲಿಸಿಕೊಳ್ಳಬೇಕಾಗಿ ವಿನಂತಿ.